ಯೆಮನ್ ಬಳೆ: ರವೆ ಕೂರಿಸಲು ಹೋಗಿ ಏನಾಯಿತು

ಯೆಮನ್‌ನ ಹಳೆ ಬಳೆಗಳಂಥದ್ದೊಂದನ್ನು ಬೆಳ್ಳಿಯಲ್ಲಿ ನಾನೇ ಮಾಡುತ್ತಿದ್ದೇನೆ. ಹೋದ ಸಲ ಅದರ ಪಟ್ಟಿ ಬಗ್ಗಿಸಿ ಮುಗಿಸಿದ್ದೆ. ಈ ವಾರ ಪೂರ್ತಿ ರವೆ, ಅಂದರೆ ಬಳೆಯ ಮೇಲೆ ಕೂರಿಸುವ ಪುಟ್ಟ ಬೆಳ್ಳಿ ಗುಂಡುಗಳನ್ನು, ಮಾಡುವುದರಲ್ಲೇ ಹೋಯಿತು. ಯೆಮನ್‌ನ ಸನಾ ಊರಿನ ಕಡೆಯ ಹಳೆ ಬೆಳ್ಳಿ ಬಳೆಗಳನ್ನು ನೋಡಿದರೆ, ಮೈತುಂಬಾ ಸಾಸಿವೆಗಿಂತ ಸಣ್ಣ ಗುಂಡುಗಳು, ನಡುವೆ ತಂತಿಯ ಕುಸುರಿ. ಆ ಗುಂಡುಗಳೇ.

ಮಾಡುವುದು ಸುಲಭ. ತಂತಿಯನ್ನು ಒಂದೇ ಅಳತೆಗೆ ಚೂರು ಮಾಡಿ ಇದ್ದಿಲ ಮೇಲಿಟ್ಟು ಬೆಂಕಿ ಊದಬೇಕು. ಕರಗಿದ ಬೆಳ್ಳಿ ಕೆಸುವಿನ ಎಲೆ ಮೇಲಿನ ನೀರಿನ ಹಾಗೆ ತಾನೇ ಉಂಡೆ ಕಟ್ಟುತ್ತದೆ. ಎರಡು ಸಂಜೆಗೆ ಇನ್ನೂರು ಮಾಡಿದೆ. ಒಂದೇ ಗಾತ್ರದವು ಅರ್ಧವೂ ಇಲ್ಲ, ಆ ಮಾತು ಬೇರೆ.

ಯೆಮನ್‌ನಲ್ಲಿ ಈ ಕೆಲಸ ಮಾಡುತ್ತಿದ್ದವರು ಹೆಚ್ಚಾಗಿ ಯಹೂದಿ ಅಕ್ಕಸಾಲಿಗರು. ಮುಸ್ಲಿಂ ಹೆಣ್ಣುಮಕ್ಕಳ ಮದುವೆಯ ಬೆಳ್ಳಿಯೂ ಅವರ ಕೈಯಿಂದಲೇ ಬರುತ್ತಿತ್ತು. 1949–50ರಲ್ಲಿ ಅಲ್ಲಿನ ಯಹೂದಿಗಳಲ್ಲಿ ಬಹುಪಾಲು ಜನ ಏಡನ್‌ನಿಂದ ವಿಮಾನ ಹತ್ತಿ ಇಸ್ರೇಲಿಗೆ ಹೋದರು. ಅವರ ಜೊತೆ ಎಷ್ಟೋ ಕೈಚಳಕವೂ ಹೋಯಿತು.

ಬೆಳ್ಳಿ ಎಲ್ಲಿಂದ ಅಂತೀರಾ? ನಾಣ್ಯದಿಂದ. ಆಸ್ಟ್ರಿಯಾದ ರಾಣಿ ಮರಿಯಾ ತೆರೇಸಾ ಮುಖವಿದ್ದ ಥೇಲರ್ ಯೆಮನ್‌ನಲ್ಲಿ ಇಪ್ಪತ್ತನೇ ಶತಮಾನದವರೆಗೂ ನಡೆಯುತ್ತಿತ್ತು. ಒಂದಕ್ಕೆ 28 ಗ್ರಾಂ ತೂಕ. ರಾಣಿ ತೀರಿಕೊಂಡದ್ದು 1780ರಲ್ಲಿ. ಆಮೇಲೆ ಯಾವಾಗ ಅಚ್ಚು ಹಾಕಿದರೂ ನಾಣ್ಯದ ಮೇಲೆ ಅದೇ ಇಸವಿ! ಆ ನಾಣ್ಯ ಕರಗಿಸಿಯೇ ಬಳೆ. ಮದುವೆಯಲ್ಲಿ ಕೊಟ್ಟ ಬೆಳ್ಳಿ ಹೆಂಡತಿಯ ಸ್ವಂತ ಆಸ್ತಿ, ಕಷ್ಟ ಬಂದರೆ ಮಾರಿಕೊಳ್ಳಬಹುದು. ಹಾಗಾಗಿ ಅಂದದಷ್ಟೇ ತೂಕವೂ ಮುಖ್ಯ. ಜೋಡಿಯಾಗಿ ತೊಡುವ ದಪ್ಪ ಬಳೆಗಳನ್ನು ನೋಡಿ ಮೊದಲು ನನಗೆ ‘ಇಷ್ಟು ಭಾರ ಯಾಕಪ್ಪಾ’ ಅನಿಸಿತ್ತು. ಅದು ಕೈಗೆ ಹಾಕಿಕೊಂಡ ಬ್ಯಾಂಕು, ಅಲ್ವಾ?

ಇನ್ನು ನನ್ನ ಕಥೆ. ಭಾನುವಾರ ರವೆಗಳನ್ನು ಬಿಳಿಗಾರದ ನೀರಿನಲ್ಲಿ ಅದ್ದಿ ಸಾಲಾಗಿ ಕೂರಿಸಿ, ಮೇಲೆ ಬೆಸುಗೆ ಪುಡಿ ಉದುರಿಸಿದೆ. ಬೆಂಕಿ ಒಂದೇ ಕಡೆ ಜಾಸ್ತಿ ಹಿಡಿದೆ. ಬೆಸುಗೆ ಹರಿದು ಮಿಂಚಿತು, ಖುಷಿಯಾಯಿತು, ಕೈ ತೆಗೆಯಲಿಲ್ಲ. ಕಣ್ಣೆದುರೇ ಎರಡು ಸಾಲು ರವೆ ಪಟ್ಟಿಯೊಳಗೆ ಮುಳುಗಿದವು. ಆಮೇಲೆ ಪಟ್ಟಿಯ ಅಂಚೇ ಜೋತುಬಿತ್ತು.

ಪಕ್ಕದ ಬೀದಿಯ ಆಚಾರ್ರಿಗೆ ತೋರಿಸಿದೆ. ಕನ್ನಡಕ ಮೇಲೇರಿಸಿ ನೋಡಿ, “ಬೆಳ್ಳಿ ಎಲ್ಲೂ ಹೋಗಿಲ್ವಲ್ಲ, ಮೂಸೆಗೆ ಹಾಕಿ” ಅಂದರು.

ಸುಮ್ನೆ ಸಮಾಧಾನಕ್ಕೆ ಅಂದರೋ ಏನೋ. ಆದರೆ ಯೆಮನ್‌ನಲ್ಲೂ ಆಗುತ್ತಿದ್ದದ್ದು ಅದೇ. ಹೊಸ ಮದುಮಗಳಿಗೆ ಹೊಸ ಒಡವೆಯೇ ಬೇಕು. ಹಳಬರು ತೀರಿಕೊಂಡ ಮೇಲೆ ಅವರ ಬೆಳ್ಳಿ ಎಷ್ಟೋ ಸಲ ಕರಗಿ ಬೇರೆ ಬಳೆಯಾಗುತ್ತಿತ್ತು. ತೀರಾ ಹಳೆಯವು ಸಿಗುವುದು ಅಪರೂಪ ಅನ್ನುವುದಕ್ಕೆ ಅದೂ ಒಂದು ಕಾರಣ.

ನಿನ್ನೆ ಕರಗಿಸಿದೆ. ತೂಗಿದರೆ 41 ಗ್ರಾಂ. ಒಂದು ಗ್ರಾಂ ಅರದ ಪುಡಿಯಲ್ಲಿ ಎಲ್ಲೋ ಹೋಗಿದೆ, ಮೇಜು ಗುಡಿಸಿ ಹುಡುಕಬೇಕು. ಈ ಸಲ ಪಟ್ಟಿ ಸ್ವಲ್ಪ ದಪ್ಪಗೆ ತಟ್ಟುತ್ತೇನೆ.