ಹೆಸರಿಲ್ಲದ ಸೇಬಿನ ಚಹರೆ ಪಟ್ಟಿ

2 ಅಕ್ಟೋಬರ್ 2025, ಗುರುವಾರ
ಮಿನೆಸೋಟ

ಊರಲ್ಲಿ ಇವತ್ತು ವಿಜಯದಶಮಿ. ಇಲ್ಲಿ ಸೇಬಿನ ಸುಗ್ಗಿ, ರಜೆ ಕೇಳುವ ಹಾಗೇ ಇಲ್ಲ. ನಿನ್ನೆ ಆಯುಧಪೂಜೆ ಅಂತ ಹಣ್ಣು ಕೊಯ್ಯುವ ಚಾಕುವಿಗೂ ಸಿಹಿ ಅಳೆಯುವ ರಿಫ್ರ್ಯಾಕ್ಟೋಮೀಟರಿಗೂ ಕುಂಕುಮ ಇಟ್ಟಿದ್ದೆ. ಜೊತೆಯವರು ತುಕ್ಕು ಹಿಡಿದಿದೆ ಅಂದುಕೊಂಡು ಒರೆಸಿಬಿಟ್ಟಿದ್ದಾರೆ.

ಇಡೀ ದಿನ ಒಂದೇ ಮರದ ಕೆಲಸ. ಅದಕ್ಕೆ ಹೆಸರಿಲ್ಲ, ಬರೀ ನಂಬರ್. ಹೊಸ ತಳಿ ಮಾಡಲು ವಸಂತದಲ್ಲಿ ಒಂದು ತಳಿಯ ಮೊಗ್ಗು ಬಿಡಿಸಿ, ಕೇಸರ ಕಿತ್ತು, ಇನ್ನೊಂದರ ಪರಾಗ ಸವರುತ್ತಾರೆ. ಆ ಹಣ್ಣಿನ ಒಂದೊಂದು ಬೀಜವೂ ಒಂದೊಂದು ಹೊಸ ಮರ. ಹಣ್ಣು ಬಿಡುವುದಕ್ಕೇ ವರ್ಷಗಟ್ಟಲೆ ಕಾಯಬೇಕು. ಆಮೇಲೆ ಹೆಚ್ಚಿನವಕ್ಕೆ ಗರಗಸವೇ ಗತಿ. ಉಳಿದವಕ್ಕೆ ಮಾತ್ರ ಚಹರೆ ಪಟ್ಟಿ.

‘ಕೆಂಪಗಿದೆ, ಸಿಹಿಯಾಗಿದೆ’ ಅಂತ ಬರೆದರೆ ನಡೆಯುವುದಿಲ್ಲ. ಹಾಗಿರುವ ಸೇಬು ನೂರಾರಿವೆ, ಅಲ್ವಾ? ತೊಟ್ಟು ಗಿಡ್ಡವೋ ಉದ್ದವೋ, ತೊಟ್ಟಿನ ಗುಳಿ ಎಷ್ಟು ಆಳ, ಸಿಪ್ಪೆಯ ಮೇಲಿನ ಚುಕ್ಕಿ ಎಷ್ಟು ದೊಡ್ಡದು, ಕೆಂಪು ಪಟ್ಟೆಪಟ್ಟೆಯಾಗಿದೆಯೋ ಒಂದೇ ಸಮ ಹರಡಿದೆಯೋ, ಎಲ್ಲ ಬೇಕು. ಬಣ್ಣಕ್ಕೆ ಬ್ರಿಟನ್ನಿನ ರಾಯಲ್ ಹಾರ್ಟಿಕಲ್ಚರಲ್ ಸೊಸೈಟಿಯ (ಆರ್‌ಎಚ್‌ಎಸ್) ಚಾರ್ಟ್ ಇದೆ. ಬೀಸಣಿಗೆಯ ಹಾಗೆ ಬಿಚ್ಚಿಕೊಳ್ಳುವ ಪಟ್ಟಿಗಳು, ಪ್ರತಿ ಬಣ್ಣದ ನಡುವೆ ಒಂದು ತೂತು. ತೂತನ್ನು ಸಿಪ್ಪೆಯ ಮೇಲಿಟ್ಟು ನೋಡುವುದು. ಒಳಗಿನ ಬಣ್ಣ, ಸುತ್ತಲಿನ ಬಣ್ಣ ಒಂದಾಗಿ ಕಂಡರೆ ಆ ನಂಬರ್ ಬರೆದುಕೊಳ್ಳುವುದು. ಕಣ್ಣು ಸೋತುಹೋಗುತ್ತದೆ.

ಅಯೋಡಿನ್ ಪರೀಕ್ಷೆ ನನಗೆ ಜಾಸ್ತಿ ಇಷ್ಟ. ಹಣ್ಣನ್ನು ಅಡ್ಡಕ್ಕೆ ಕೊಯ್ದು ದ್ರಾವಣ ಸಿಂಪಡಿಸಿದರೆ ಪಿಷ್ಟ ಇರುವ ಕಡೆಯೆಲ್ಲ ಕಡುನೀಲಿ. ಪಿಷ್ಟ ಸಕ್ಕರೆಯಾದ ಜಾಗ ಬೆಳ್ಳಗೇ ಉಳಿಯುತ್ತದೆ. ಬಿಳಿ ಶುರುವಾಗುವುದು ಬೀಜದ ಗೂಡಿನಿಂದ. ಇವತ್ತಿನ ಹಣ್ಣಿನಲ್ಲಿ ಸಿಪ್ಪೆಯ ಅಂಚಿಗೆ ಇನ್ನೂ ದಪ್ಪ ನೀಲಿ ಉಂಗುರ ಇತ್ತು. ಕೀಳುವುದಕ್ಕೆ ಸರಿಯಾದ ಹೊತ್ತು.

ಇಲ್ಲಿಯ ವಿಶ್ವವಿದ್ಯಾಲಯದ್ದೇ ಹನಿಕ್ರಿಸ್ಪ್ ಅನ್ನುವ ಸೇಬಿನ ತಳಿ. 1960ರಲ್ಲಿ ಅದರ ಕ್ರಾಸ್ ಮಾಡಿದ್ದು. ಎಂಎನ್ 1711 ಅಂತ ನಂಬರ್ ಕೊಟ್ಟಿದ್ದರು. ಚಳಿಗೆ ಪೆಟ್ಟು ತಿಂದಿತ್ತು ಅಂತ 1977ರಲ್ಲಿ ಕಿತ್ತೆಸೆಯುವ ಪಟ್ಟಿಗೂ ಸೇರಿಸಿದ್ದರು. ಇಲ್ಲಿಯ ಸೇಬು ತಳಿ ವಿಜ್ಞಾನಿ ಡೇವಿಡ್ ಬೆಡ್‌ಫರ್ಡ್ ಅದನ್ನು ಉಳಿಸಿಕೊಂಡರು. ಮಾರುಕಟ್ಟೆಗೆ ಬಿಟ್ಟದ್ದು 1991ರಲ್ಲಿ. ಕಚ್ಚಿದರೆ ಚಟ್ ಅಂತ ಮುರಿದು ಬಾಯಿ ತುಂಬ ರಸ! ಅದರ ಜೀವಕೋಶಗಳು ಬೇರೆ ಸೇಬಿನವಕ್ಕಿಂತ ದೊಡ್ಡವು, ಅದಕ್ಕೇ.

ಮಜಾ ಏನೆಂದರೆ, ದಾಖಲೆಯಲ್ಲಿದ್ದ ಅದರ ಅಪ್ಪ ಅಮ್ಮ ಇಬ್ಬರೂ ಸುಳ್ಳು. ಮಕೂನ್ ಮತ್ತು ಹನಿಗೋಲ್ಡ್ ಅಂತ ಬರೆದಿದ್ದರು. ಡಿಎನ್‌ಎ ನೋಡಿದರೆ ಎರಡೂ ಅಲ್ಲ. ಒಂದು ಕೀಪ್‌ಸೇಕ್. ಇನ್ನೊಂದು ಗೊತ್ತಾಗಿದ್ದು 2017ರಲ್ಲಿ: ಎಂಎನ್ 1627, ಹೆಸರೇ ಇಡದೆ ಬಿಟ್ಟ ಮರ. ವಂಶವೃಕ್ಷ ತಪ್ಪಿದ್ದರಿಂದ ಹಣ್ಣಿಗೇನೂ ಆಗಲಿಲ್ಲ. ನನಗಂತೂ ಅಪ್ಪ ಅಮ್ಮನ ಕಾಲಂಗಿಂತ ತೊಟ್ಟು, ಗುಳಿ, ಚುಕ್ಕಿಗಳ ಮೇಲೇ ನಂಬಿಕೆ.

ರಾತ್ರಿ ಗುಬ್ಬಿಯಿಂದ ಚಿಕ್ಕಮ್ಮ ಫೋನ್ ಮಾಡಿದ್ದರು. “ಅಷ್ಟು ಚೆನ್ನಾಗಿದ್ರೆ ನಾಲ್ಕು ಬೀಜ ತಗೊಂಡ್ಬಾರೋ, ಹಿತ್ತಲಲ್ಲಿ ಹಾಕ್ತೀನಿ.”

“ನಿಮ್ಮ ಕಡೆಯ ಸಿದ್ದು ತಳಿಯ ಹಲಸು ಬೀಜದಿಂದ ಬರುತ್ತಾ ಚಿಕ್ಕಮ್ಮ?”

“ಅದೆಲ್ಲಿ ಬರುತ್ತೆ? ಕಸಿ ಗಿಡವೇ ತರಬೇಕು.”

“ಇದೂ ಹಾಗೇ.”

“ಹಂಗಾದ್ರೆ ಕಸಿ ಗಿಡವೇ ತಗೊಂಡ್ಬಾ!”

ಇದಕ್ಕೆ ಚಳಿಗಾಲ ಬೇಕು, ಗುಬ್ಬಿಯಲ್ಲಿ ಅಷ್ಟು ಚಳಿ ಎಲ್ಲಿದೆ ಅಂತ ಹೇಳುವಷ್ಟರಲ್ಲಿ ಬನ್ನಿ ಕೊಡಲು ಯಾರೋ ಬಂದರು, ಫೋನ್ ಇಟ್ಟರು.

ಪಟ್ಟಿಯಲ್ಲಿ ಒಂದು ಕಾಲಂ ಇನ್ನೂ ಖಾಲಿ: ಎಷ್ಟು ದಿನ ಕೆಡದೆ ಉಳಿಯುತ್ತದೆ ಅನ್ನುವುದು. ಅದಕ್ಕೆ ಒಂದು ಪೆಟ್ಟಿಗೆ ಹಣ್ಣನ್ನು ಕೋಲ್ಡ್ ರೂಮಿನಲ್ಲಿ ಇಟ್ಟು ಬಂದೆ. ಜನವರಿಯಲ್ಲಿ ತೆಗೆದು ಕಚ್ಚಿ ನೋಡುವುದು. ಹಿಟ್ಟುಹಿಟ್ಟಾಗಿದ್ದರೆ ಈ ಮರಕ್ಕೂ ಗರಗಸ.