ಜೌಗಿನ ಮದುಮಗಳು

"ಇದು ಗಂಡಸಲ್ವೇನೋ?" ಅಂದಳು ಅಮ್ಮ. ಲ್ಯಾಪ್‌ಟಾಪಿನಲ್ಲಿ ಹಸಿರು ಕಪ್ಪೆಯಂಥ ವೇಷ ತೊಟ್ಟ ಗಾಯಕ ಪಾಲ್ ಆಗ್ನ್ಯೂ ಕಣ್ಣು ಮಿಟುಕಿಸುತ್ತ ಬಳುಕುತ್ತಿದ್ದ. ಹೊರಗೆ ಮಳೆ ಬಿಡದೆ ಹೊಯ್ಯುತ್ತಿತ್ತು, ಬೆಳಗಿನಿಂದ ಕೇಬಲ್ ಇರಲಿಲ್ಲ. ಇಲ್ಲದಿದ್ದರೆ ಅವಳು ನನ್ನ ಜೊತೆ ಒಪೆರಾ ನೋಡಲು ಕೂರುವವಳಲ್ಲ.

ನಾನು ಹಾಕಿದ್ದು ಫ್ರೆಂಚ್ ಸಂಗೀತಕಾರ ಜಾನ್ ಫಿಲಿಪ್ ರಾಮೋನ 'ಪ್ಲಾತೇ'. ಪ್ಯಾರಿಸಿನ ಒಪೆರಾ ಮಂದಿರ ಪಲೇ ಗಾರ್ನಿಯೇಯಲ್ಲಿ ನಿರ್ದೇಶಕ ಲೊರಾಂ ಪೆಲ್ಲಿ ಆಡಿಸಿ, 2002ರಲ್ಲಿ ಚಿತ್ರೀಕರಣಗೊಂಡ ಪ್ರಯೋಗ. ಪ್ಲಾತೇ ಜೌಗು ನೆಲದ ಕುರೂಪಿ ಅಪ್ಸರೆ, ತನ್ನಂಥ ಸುಂದರಿ ಇಲ್ಲವೆಂದು ನಂಬಿದವಳು. ಹೊಟ್ಟೆಕಿಚ್ಚಿನ ಹೆಂಡತಿ ಜೂನೋಗೆ ಬುದ್ಧಿ ಕಲಿಸಲು ದೇವತೆಗಳ ರಾಜ ಜುಪಿಟರ್ ಇವಳನ್ನು ಮದುವೆಯಾಗುವ ನಾಟಕ ಹೂಡುತ್ತಾನೆ. ಹೆಣ್ಣಿನ ಪಾತ್ರವಾದರೂ ಎತ್ತರದ ಸ್ಥಾಯಿಯ ಗಂಡು ದನಿಗೇ ಬರೆದದ್ದು. 1745ರಲ್ಲಿ ಮೊದಲು ಹಾಡಿದವನೂ ಗಂಡಸೇ, ಪಿಯೇರ್ ಜೆಲಿಯೋಟ್. ಹೊನ್ನಾವರದ ಕಡೆ ಬಯಲಾಟ ನೋಡಿಯೇ ಬೆಳೆದ ಅಮ್ಮನಿಗೆ ಇದನ್ನು ವಿವರಿಸಬೇಕಾಗಲಿಲ್ಲ. "ಸ್ತ್ರೀವೇಷವೂ ಇವನೇ, ಹಾಸ್ಯಗಾರನೂ ಇವನೇ" ಅಂದು ಕಾಲು ಮಡಚಿ ಕೂತಳು.

ಪೆಲ್ಲಿಯ ರಂಗಸಜ್ಜಿಕೆಯೇ ಒಂದು ಕುಚೋದ್ಯ. ವೇದಿಕೆಯ ಮೇಲೂ ಥಿಯೇಟರಿನ ಕುರ್ಚಿಗಳ ಸಾಲು, ನಮ್ಮತ್ತ ಮುಖ ಮಾಡಿ. ಕಥೆ ಸಾಗಿದಂತೆ ಅವಕ್ಕೆ ಪಾಚಿ ಹಿಡಿದು ಜೌಗಾಗುತ್ತದೆ. ಕಪ್ಪೆಗಳ ಮೇಳ 'ಕ್ವಾ, ಕ್ವಾ' ಎಂದು ವಟಗುಟ್ಟಿದಾಗ ಅಮ್ಮ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು. ಜುಪಿಟರ್ ಕತ್ತೆಯ ರೂಪದಲ್ಲಿ ಬಂದಾಗ ವಾದ್ಯಗಳೇ ಅರಚುತ್ತವೆ. ಇದು ಮೊದಲು ರಂಗಕ್ಕೆ ಬಂದಾಗ ರಾಮೋಗೆ ವಯಸ್ಸು 61.

ಆಮೇಲೆ ಬಂದಳು ಮರುಳುದೇವಿ, ಲಾ ಫೋಲಿ. ಆ ಪಾತ್ರದ ಗಾಯಕಿ ಮಿರೇಯ್ ದ್ಲೂನ್ಷ್ ತೊಟ್ಟಿದ್ದ ಲಂಗ ಸ್ವರಲಿಪಿಯ ಹಾಳೆಗಳದ್ದು. ಸಂಗೀತದ ದೇವರು ಅಪೊಲೋನಿಂದ ಕದ್ದ ಲೈರ್ ಎಂಬ ತಂತಿವಾದ್ಯ ಹಿಡಿದು, ಅವನಿಂದ ತಪ್ಪಿಸಿಕೊಂಡು ಮರವಾದ ದಾಫ್ನೆಯ ದುಃಖದ ಕಥೆಯನ್ನು ಕುಣಿಯುವ ಧಾಟಿಯಲ್ಲಿ ಹಾಡುತ್ತಾಳೆ. ಸ್ವರ ಬದಲಿಸಿದರೆ ಯಾವ ಸಾವನ್ನೂ ನಗುವಾಗಿಸಬಲ್ಲೆ ಎಂಬ ಧಿಮಾಕು. ಇಡೀ ಒಪೆರಾದ ಗುಟ್ಟು ಇಲ್ಲೇ ಇದೆ ಅಂತ ನನಗನ್ನಿಸಿತು; ಅಮ್ಮನಿಗೆ ಅನ್ನಿಸಿದ್ದು ಉಸಿರಿನ ಬಗ್ಗೆ: "ಎಷ್ಟು ದಮ್ಮು ಇವಳಿಗೆ!"

ಮೂರನೆಯ ಅಂಕದಲ್ಲಿ ಮದುವೆ. ಮದುಮಗಳಿಗೆ ತಾಳ್ಮೆ ಇಲ್ಲ, ರಾಮೋಗೆ ಅವಸರ ಇಲ್ಲ. ಸಾಮಾನ್ಯವಾಗಿ ಒಪೆರಾದ ಕೊನೆಗೆ ಬರುವ ಗಂಭೀರ ಶಕೋನ್ ನೃತ್ಯವನ್ನು ಬೇಕೆಂದೇ ಇಲ್ಲಿ ತುರುಕಿ ಎಳೆಯುತ್ತಾನೆ. ಜುಪಿಟರ್ "ನಾನು ಪ್ರಮಾಣ ಮಾಡುತ್ತೇನೆ" ಅನ್ನುತ್ತಲೇ ಹೆಂಡತಿಯ ದಾರಿ ನೋಡುತ್ತಾನೆ. ಜೂನೋ ನುಗ್ಗಿ ಮದುಮಗಳ ಮುಸುಕು ಎಳೆಯುತ್ತಾಳೆ, ಮುಖ ನೋಡಿ ನಗುತ್ತಾಳೆ. ಎಲ್ಲರೂ ನಗುತ್ತಾರೆ. ಗಂಡ ಹೆಂಡತಿ ರಾಜಿಯಾಗಿ ಮೇಲಕ್ಕೆ ಹೋಗುತ್ತಾರೆ.

ಕ್ಯಾಮೆರಾ ಹೋಗಿದ್ದು ಪ್ಲಾತೇಯ ಮುಖಕ್ಕೆ. ಗಾರ್ನಿಯೇಯ ಮೇಲಂತಸ್ತಿನಲ್ಲಿ ಕೂತಿದ್ದರೆ ಬಣ್ಣದ ಬೊಂಬೆಯಷ್ಟೇ ಕಾಣುತ್ತಿತ್ತು. ಇಲ್ಲಿ ಬೆವರು ಕಂಡಿತು, ತುಟಿ ಅದುರಿದ್ದೂ ಕಂಡಿತು. ಹಳೆಯ ಗ್ರೀಕ್ ಲೇಖಕ ಪೌಸಾನಿಯಸ್ ಬರೆದಿಟ್ಟ ಕಥೆಯಲ್ಲಿ ಜುಪಿಟರ್ ಜ್ಯೂಸ್, ಜೂನೋ ಹೇರಾ; ಮೋಸದ ಮದುಮಗಳು ನಿಜಕ್ಕೂ ಮರದ ಗೊಂಬೆ: ಜ್ಯೂಸ್ ಅದಕ್ಕೆ ಬಟ್ಟೆ ಉಡಿಸಿ ಗಾಡಿಯಲ್ಲಿ ಕೂರಿಸುತ್ತಾನೆ, ಹೇರಾ ಬಟ್ಟೆ ಎಳೆದು ಗೊಂಬೆ ಕಂಡು ಸಮಾಧಾನವಾಗುತ್ತಾಳೆ. ಅಲ್ಲಿ ಯಾರಿಗೂ ನೋವಿಲ್ಲ. ಗೊಂಬೆಯ ಜಾಗದಲ್ಲಿ ಆಸೆಪಡುವ ಜೀವ ಬಂದು ಕೂತಾಗ ಅದೇ ತಮಾಷೆ ಕ್ರೌರ್ಯವಾಗುತ್ತದೆ. ಈ ಒಪೆರಾದ ಮೊದಲ ಪ್ರದರ್ಶನ ವರ್ಸಾಯಿನಲ್ಲಿ, ಫ್ರಾನ್ಸಿನ ಯುವರಾಜ ಮತ್ತು ಸ್ಪೇನಿನ ರಾಜಕುಮಾರಿಯ ಮದುವೆ ಸಂಭ್ರಮಕ್ಕೆ! ಹೊಸ ಸೊಸೆಯ ಮುಂದೆ ಇಂಥ ಕಥೆ ಆಡಿಸುವ ಧೈರ್ಯ ಯಾವ ಬೀಗರಿಗಿರುತ್ತದೋ. ಆ ಹುಡುಗಿ ಮರುವರ್ಷವೇ ಹೆರಿಗೆಯ ಬೆನ್ನಿಗೆ ತೀರಿಕೊಂಡಳು.

ಇದನ್ನೆಲ್ಲ ಹೇಳಿದ ಮೇಲೆ ಅಮ್ಮ ಕೇಳಿದ್ದು, "ಹಂಗಾರೆ ಆ ಜುಪಿಟರ್‌ಗೆ ಏನೂ ಆಗ್ಲಿಲ್ವಾ?"

"ಇಲ್ಲ."

"ಅವಳಾದ್ರೂ ಒಂದು ಬಾರಿಸಬಹುದಿತ್ತಪ್ಪ."

ಪ್ಲಾತೇ ಸಿಟ್ಟು ತೀರಿಸಿಕೊಳ್ಳುವುದು ಈ ಉಪಾಯ ಹೇಳಿಕೊಟ್ಟ ಸಿಥೆರಾನ್ ಮೇಲೆ, ಆಮೇಲೆ ಓಡಿ ತನ್ನ ಜೌಗಿಗೇ ಧುಮುಕುತ್ತಾಳೆ ಅಂತ ನೆನಪಿಸಿದೆ. ಸಮಾಧಾನವಾದಂತೆ ಕಾಣಲಿಲ್ಲ. ದೊಡ್ಡವರನ್ನು ಬಿಟ್ಟು ಚಮಚಾಗಳನ್ನು ಹಿಡಿಯೋದು ಎಲ್ಲ ಕಡೆ ಇದ್ದಿದ್ದೇ ಅಂತ ಗೊಣಗುತ್ತ ಅಡುಗೆಮನೆಗೆ ಹೋದವಳು ಅಲ್ಲಿಂದಲೇ ಕೂಗಿದಳು: "ಆ ಕಾಗದದ ಲಂಗದವಳ ಹಾಡು ಮತ್ತೊಂದ್ಸಲ ಹಾಕು, ಸೌಂಡ್ ಜಾಸ್ತಿ ಇಡು."