ಗುರಿ–ಸಾಧನೆ ಪಟ್ಟಿಯಲ್ಲಿ ಬೊಜ್ಜು ಕಾಣುವುದಿಲ್ಲ

ಎನ್‌ಸಿಡಿ (ಬಿಪಿ, ಸಕ್ಕರೆ ಕಾಯಿಲೆಯಂಥ ಅಸಾಂಕ್ರಾಮಿಕ ರೋಗಗಳ) ತಪಾಸಣೆಯ ತಿಂಗಳ ವರದಿ ಕೈಗೆ ಬಂದಾಗ ಮೊದಲು ಕೇಳಬೇಕಾದ್ದು, 'ಶೇ. 90 ಸಾಧನೆ' ಎಂದರೆ ಯಾರಲ್ಲಿ 90? 30 ವರ್ಷ ದಾಟಿದ ಒಟ್ಟು ಜನರಲ್ಲೋ, ತಪಾಸಣೆಯ ಆ್ಯಪ್‌ನಲ್ಲಿ ಆಗಲೇ ಹೆಸರಿರುವವರಲ್ಲೋ? ಎರಡನೆಯದಾದರೆ ಯಾರೂ ಕಾಲಿಡದ ಬೀದಿಗಳು ಲೆಕ್ಕಕ್ಕೇ ಬಂದಿರುವುದಿಲ್ಲ. ಗಂಡಸರು–ಹೆಂಗಸರ ಸಾಲನ್ನೂ ಬೇರೆ ಮಾಡಿ ನೋಡಿ. ಹಗಲು ಮನೆಭೇಟಿಗೆ ಸಿಗುವವರು ಹೆಚ್ಚಾಗಿ ಹೆಂಗಸರೇ.

ಇಷ್ಟೆಲ್ಲ ಸರಿಯಿದ್ದರೂ ಅದು ಕೆಲಸದ ಲೆಕ್ಕ, ಫಲದ ಲೆಕ್ಕವಲ್ಲ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಅಂಕಿ ನೋಡಿ: ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಸೂಚ್ಯಂಕ) 25 ಅಥವಾ ಹೆಚ್ಚು ಇರುವ, ಎಂದರೆ ಅತಿತೂಕ ಅಥವಾ ಬೊಜ್ಜಿನ ಮಹಿಳೆಯರು 2015–16ರಲ್ಲಿ ಶೇ. 23.3, 2019–20ರಲ್ಲಿ ಶೇ. 30.1. ಪುರುಷರು ಶೇ. 22.1ರಿಂದ 30.9ಕ್ಕೆ. ಇದರ ಪಕ್ಕದಲ್ಲಿ ತಪಾಸಣಾ ರಿಜಿಸ್ಟರಿನ ಅಂಕಿ ಇಟ್ಟು ಹೋಲಿಸಬೇಡಿ. ಸಮೀಕ್ಷೆ ನೋಡುವುದು 15ರಿಂದ 49 ವರ್ಷದ ಮಹಿಳೆಯರನ್ನು, ಅದೂ ಗರ್ಭಿಣಿ, ಹಸಿಬಾಣಂತಿಯರನ್ನು ಬಿಟ್ಟು. ರಿಜಿಸ್ಟರು ಶುರುವಾಗುವುದೇ 30ರಿಂದ.

ರಿಜಿಸ್ಟರಿನ ಅಳತೆಗಳಲ್ಲಿ ಅತಿ ಹೆಚ್ಚು ತಪ್ಪಾಗುವುದು ಸೊಂಟದ ಸುತ್ತಳತೆ. ಆಶಾ ತುಂಬುವ ಸಿಬ್ಯಾಕ್ (ರೋಗದ ಅಪಾಯಕ್ಕೆ ಅಂಕ ಹಾಕುವ) ನಮೂನೆಯಲ್ಲಿ ಹೆಂಗಸರಿಗೆ 80 ಸೆಂ.ಮೀ.ವರೆಗೆ ಸೊನ್ನೆ, 81ರಿಂದ 90ಕ್ಕೆ ಒಂದು, ಅದರ ಮೇಲೆ ಎರಡು ಅಂಕ. ಗಂಡಸರಿಗೆ ಗೆರೆ 90 ಮತ್ತು 100. ಅಳೆಯುವ ಜಾಗ ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಯ ಮೇಲಂಚಿಗೂ ನಟ್ಟನಡುವೆ, ಮಾಮೂಲಿ ಉಸಿರು ಹೊರಬಿಟ್ಟ ಕ್ಷಣದಲ್ಲಿ. ಆದರೆ ಸೀರೆಯುಟ್ಟವರಿಗೆ ನೆರಿಗೆ ಸಿಕ್ಕಿಸಿದ ಕಡೆಯೇ ಟೇಪು ಸುತ್ತುತ್ತಾರೆ. ನೆರಿಗೆಯ ದಪ್ಪ, ಲಂಗದ ಲಾಡಿಯ ಗಂಟು ಎಲ್ಲ ಅಳತೆಗೆ ಸೇರುತ್ತವೆ. ಹಳೆಯ ಬಟ್ಟೆ ಟೇಪು ಜಗ್ಗಿದ್ದರೆ ಉಲ್ಟಾ, ಕಡಿಮೆ ತೋರಿಸುತ್ತದೆ. ತಿಂಗಳಿಗೊಮ್ಮೆ ಉಕ್ಕಿನ ಟೇಪಿನ ಪಕ್ಕ ಹಿಡಿದು ನೋಡುವುದು ಎರಡು ನಿಮಿಷದ ಕೆಲಸ.

ಜಗಲಿಯಲ್ಲಿ ಮಾವ, ಮೈದುನ ಕೂತಿರುವಾಗ ಹೊಟ್ಟೆ ಅಳೆಸಿಕೊಳ್ಳಲು ಯಾವ ಹೆಣ್ಣುಮಗಳಿಗೂ ಮುಜುಗರವೇ. ಆಗ ಕಣ್ಣಂದಾಜಿನಲ್ಲಿ 80 ಎಂದು ಬರೆಯಲಾಗುತ್ತದೆ. ಆಶಾ ಅವರನ್ನು ಬೈದು ಪ್ರಯೋಜನವಿಲ್ಲ. ಒಳಕೋಣೆಗೆ ಕರೆದೊಯ್ದು ಎರಡು ಸಲ ಅಳೆಯುವಷ್ಟು ಸಮಯ ಅವರಿಗೆ ಸಿಗಬೇಕು. ಎರಡು ಅಳತೆಗಳ ನಡುವೆ 1 ಸೆಂ.ಮೀ.ಗಿಂತ ಹೆಚ್ಚು ವ್ಯತ್ಯಾಸ ಬಂದರೆ ಮತ್ತೆ ಅಳೆಯಬೇಕು.

ಅಂದಾಜಿನ ಅಂಕಿ ಹಿಡಿಯುವುದು ಸುಲಭ. 200 ದಾಖಲೆ ತೆಗೆದು ಕೊನೆಯ ಅಂಕೆ 0 ಅಥವಾ 5 ಇರುವವನ್ನು ಎಣಿಸಿ. ನಿಜವಾಗಿ ಅಳೆದಿದ್ದರೆ ಸುಮಾರು 40 ಇರಬೇಕು. 100 ಇದ್ದರೆ ಆ ಆರೋಗ್ಯ ಉಪಕೇಂದ್ರದ ಸೊಂಟದಳತೆಯನ್ನು ವಿಶ್ಲೇಷಣೆಯಿಂದ ಕೈಬಿಡಿ, ಟೇಪು ಹಿಡಿಸಿ ಮತ್ತೆ ತರಬೇತಿ ಕೊಡಿ.

ಎತ್ತರದಲ್ಲೂ ಹೀಗೆಯೇ. 60 ಕೆ.ಜಿ. ತೂಕ, 155 ಸೆಂ.ಮೀ. ಎತ್ತರಕ್ಕೆ ಬಿಎಂಐ 24.97, ಎತ್ತರ 154 ಆದರೆ 25.30. ತುರುಬಿನ ಮೇಲೆ ಅಳತೆಪಟ್ಟಿ ಇಟ್ಟರೆ ಸಾಕು, ಒಬ್ಬರು ಬೊಜ್ಜಿನ ಲೆಕ್ಕದಿಂದ ಹೊರಗೆ.

ಜಿಲ್ಲೆಯ ಬೊಜ್ಜಿನ ಅಂಕಿ ಎರಡು ಶೇಕಡಾ ಪಾಯಿಂಟ್ ಇಳಿದಿದೆ ಎಂದು ಕೆಡಿಪಿ (ಅಭಿವೃದ್ಧಿ ಕಾರ್ಯಕ್ರಮಗಳ ಪರಿಶೀಲನಾ) ಸಭೆಯಲ್ಲಿ ಹೇಳುವ ಮುನ್ನ ಮಾದರಿಯ ಗಾತ್ರ ನೋಡಿ. 900 ಜನರಲ್ಲಿ ಶೇ. 30 ಎಂದರೆ ಹೆಚ್ಚುಕಡಿಮೆ 3 ಪಾಯಿಂಟ್ ಆಚೀಚೆ ಇರಬಹುದು. ಹಳ್ಳಿಗಳನ್ನು ಗುಂಪಾಗಿ ಆರಿಸಿದ್ದರೆ ಇನ್ನೂ ಹೆಚ್ಚು. ಎರಡು ಸಮೀಕ್ಷೆಗಳ ನಡುವಿನ ವ್ಯತ್ಯಾಸಕ್ಕೆ ಅದು 4 ದಾಟುತ್ತದೆ. ಎರಡು ಪಾಯಿಂಟ್ ಇಳಿಕೆಯನ್ನು ಇಳಿಕೆ ಎನ್ನಲಾಗದು.

ಹಾಗಾದರೆ ವರ್ಷವರ್ಷಕ್ಕೆ ಏನು ನೋಡಬೇಕು? ನಿಯಮ ಜಾರಿಯಾಯಿತೇ ಎಂಬುದನ್ನು. 2020ರ ಆಹಾರ ಸುರಕ್ಷತಾ ನಿಯಮದ ಪ್ರಕಾರ ಕೊಬ್ಬು, ಉಪ್ಪು, ಸಕ್ಕರೆ ಹೆಚ್ಚಿರುವ ತಿನಿಸನ್ನು ಶಾಲೆಯ ಗೇಟಿನಿಂದ ಯಾವ ದಿಕ್ಕಿಗೂ 50 ಮೀಟರ್ ಒಳಗೆ ಮಾರುವಂತಿಲ್ಲ. 'ಎಲ್ಲ ಶಾಲೆಗೂ ಸುತ್ತೋಲೆ ಕಳಿಸಿದೆ' ಎಂಬ ಉತ್ತರವನ್ನು ಸಾಧನೆಯ ಕಾಲಂಗೆ ಹಾಕಬೇಡಿ. ಚೀಟಿ ಎತ್ತಿ ಶಾಲೆಗಳನ್ನು ಆರಿಸಿ, ಗೇಟಿನಿಂದ ಟೇಪು ಹಿಡಿದು, ಶಾಲೆ ಬಿಡುವ ಹೊತ್ತಿಗೆ ಅಲ್ಲಿ ನಿಂತು, ಚಿಪ್ಸ್–ಕೋಲಾ ಮಾರುವ ಅಂಗಡಿ, ಗಾಡಿಗಳನ್ನು ಎಣಿಸಿ. ಆರು ತಿಂಗಳ ಮೇಲೆ ಅವೇ ಶಾಲೆಗಳಿಗೆ, ಅದೇ ಹೊತ್ತಿಗೆ, ಮುಂಚಿತವಾಗಿ ಹೇಳದೆ ಹೋಗಿ ಮತ್ತೆ ಎಣಿಸಿ.